ಕಾವಲಿಯ ಮೇಲೆ ಬೆಂದ ಟೀ ಶರ್ಟು

ಹೋದ ವರ್ಷದ ಕಾರ್ತಿಕ ಮಾಸ. ತುಳಸಿ ಪೂಜೆ ಮುಗಿದರೆ ಮದುವೆಗಳ ಕಾಲ ಶುರು. ಆದರೆ ನಮ್ಮ ಮನೆಯ ಫೋನು ಮಾತ್ರ ಬಾಯಿ ಮುಚ್ಚಿಕೊಂಡು ಕೂತಿತ್ತು.

ನಾವಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಅಡುಗೆ ಮಾಡಿ ಬಡಿಸುವುದು ನಮ್ಮ ಕಸುಬು. ಇದನ್ನು ಶುರು ಮಾಡಿದವರು ನನ್ನ ಮಾವ ನರಹರಿ ಭಟ್ಟರು. ಅವರು ಹೋದ ಮೇಲೆ ನಮ್ಮ ಯಜಮಾನರು ಸೌಟು ಹಿಡಿದರು. ಬುಕಿಂಗ್ ತೆಗೆದುಕೊಳ್ಳುವುದು, ದಿನಸಿ ತರಿಸುವುದು, ಬಡಿಸುವವರನ್ನು ಹೊಂದಿಸುವುದು ನನ್ನ ಪಾಲು. ಅಡುಗೆಯವರು, ಬಡಿಸುವವರು ಸೇರಿ ಹತ್ತು ಹದಿನೈದು ಜನ ನಮ್ಮನ್ನೇ ನಂಬಿಕೊಂಡಿದ್ದಾರೆ. ಅವರಲ್ಲಿ ಎಲ್ಲರಿಗಿಂತ ಹಿರಿಯರು ಗಣಪಣ್ಣ. ಮಾವನ ಕಾಲದಿಂದಲೂ ಹೋಳಿಗೆ ಒಲೆಯ ಮುಂದೆ ಕೂತವರು. ಬಾಯಿ ಸ್ವಲ್ಪ ಜಾಸ್ತಿ, ಕೈ ಅದಕ್ಕಿಂತ ಜೋರು.

ನಮ್ಮ ಊಟವನ್ನು ಯಾರೂ ಬೈಯುವುದಿಲ್ಲ. ಆದರೂ ಎರಡು ಮೂರು ವರ್ಷದಿಂದ ಕೆಲಸ ಕಡಿಮೆಯಾಗುತ್ತ ಬಂದಿತ್ತು. ಕಾರಣ ಎಲ್ಲರಿಗೂ ಗೊತ್ತು. ನಮ್ಮವರು ಮೊದಲಿನಿಂದ ಪಂಚೆ ಎತ್ತಿ ಕಟ್ಟಿ, ಹೆಗಲಿಗೊಂದು ಶಲ್ಯ ಹಾಕಿಕೊಂಡು ಬರಿಮೈಯಲ್ಲೇ ಬಡಿಸುವವರು. ಈಗಿನ ಮದುವೆಗಳಲ್ಲಿ ಎಲ್ಲವೂ ವಿಡಿಯೋ. ಹುಡುಗಿಯ ಕಡೆಯವರು ಒಮ್ಮೆ ಫೋನಿನಲ್ಲಿ ನನಗೇ ಹೇಳಿದರು, "ನಿಮ್ಮ ಸಾರು ಬೇಕು, ಬೆವರು ಬೇಡ." ಅವತ್ತು ನನಗೆ ಬಂದ ಕೋಪಕ್ಕೆ ಫೋನು ಎಸೆಯುವುದೊಂದು ಬಾಕಿ ಇತ್ತು. ಆಮೇಲೆ ಯೋಚಿಸಿದರೆ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಅದೇ ಹೊತ್ತಿಗೆ ಭದ್ರಾವತಿಯಲ್ಲಿ ಒಂದು ಹೊಸ ಸಮುದಾಯ ಭವನ ತಯಾರಾಗಿತ್ತು. ಅದರ ಕಾರ್ಯದರ್ಶಿ ರುದ್ರಪ್ಪನವರು. ಅಡಿಕೆ ವ್ಯಾಪಾರ ಮಾಡಿ ಕೂದಲು ಬೆಳ್ಳಗಾದ, ತೂಕದ ಮಾತಿನ ಮನುಷ್ಯ. ಭವನದಲ್ಲಿ ನಡೆಯುವ ಎಲ್ಲ ಕಾರ್ಯಗಳಿಗೂ ಒಬ್ಬರೇ ಅಡುಗೆಯವರನ್ನು ಗೊತ್ತು ಮಾಡಬೇಕೆಂದು ಅವರಿಗೆ ಮನಸ್ಸು. ಉದ್ಘಾಟನೆಯ ದಿನದ ಊಟವನ್ನು ನಮಗೆ ಕೊಟ್ಟರು. ಮರುವಾರದ ಒಂದು ಆರತಕ್ಷತೆಯನ್ನು ಬೇರೊಬ್ಬರಿಗೆ ಕೊಟ್ಟರು. ಎರಡನ್ನೂ ನೋಡಿ ತೀರ್ಮಾನ ಮಾಡುತ್ತೇವೆ ಎಂದರು.

"ಭಟ್ರೇ, ನಿಮ್ಮ ಅಡುಗೆ ನಾನು ತಿಂದಿದ್ದೀನಿ, ಅದರ ಬಗ್ಗೆ ಮಾತಿಲ್ಲ. ಆದ್ರೆ ಎಲ್ಲರೂ ಒಂದೇ ಥರ ಟೀ ಶರ್ಟ್ ಹಾಕ್ಕೊಂಡು ಬರ್ಬೇಕು. ಎದೆ ಮೇಲೆ ನಿಮ್ಮ ಹೆಸರಿರ್ಬೇಕು. ನಾಳೆ ಯಾರಾದ್ರೂ ಕೇಳಿದ್ರೆ ಇಂಥವರ ಅಡುಗೆ ಅಂತ ಗೊತ್ತಾಗ್ಬೇಕು" ಎಂದರು ರುದ್ರಪ್ಪನವರು.

ಮನೆಗೆ ಬರುವಾಗ ಬಸ್ಸಿನಲ್ಲಿ ನಮ್ಮ ಯಜಮಾನರು ನನಗೆ ಒಂದು ವಿಷಯ ಹೇಳಿದರು. ಈ ಭವನ ಕೈತಪ್ಪಿದರೆ ಅವರು ಪೇಟೆಯ ಒಂದು ಹೋಟೆಲಿಗೆ ಅಡುಗೆಗೆ ಸೇರಿಕೊಳ್ಳುತ್ತಾರಂತೆ. ಮಾತಾಡಿಯೂ ಬಂದಿದ್ದರಂತೆ. "ಉಳಿದವರು?" ಎಂದು ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತ ಕೂತರು. ಹೋಳಿಗೆ ಬಿಟ್ಟರೆ ಗಣಪಣ್ಣನಿಗೆ ಬೇರೆ ಲೋಕವಿಲ್ಲ. ಬಸ್ಸು ಶಿವಮೊಗ್ಗ ತಲುಪುವಷ್ಟರಲ್ಲಿ ನಾನು ತೀರ್ಮಾನ ಮಾಡಿದ್ದೆ. ಟೀ ಶರ್ಟಿನ ಜವಾಬ್ದಾರಿ ನನ್ನದು.

ಮನೆಯಲ್ಲಿ ವಿಷಯ ಹೇಳಿದಾಗ ಗಣಪಣ್ಣ ತಮ್ಮ ಪಂಚೆ ನೋಡಿಕೊಂಡು ನಕ್ಕರು. "ಮೇಲೆ ಕಾಲೇಜು ಹುಡುಗ, ಕೆಳಗೆ ಪುರೋಹಿತ. ಆಗ್ಲಿ ತಂಗಿ, ಈ ವಯಸ್ಸಲ್ಲಿ ಅದೊಂದು ನೋಡೇ ಬಿಡೋಣ."

ಯಜಮಾನರದ್ದು ಒಂದೇ ಷರತ್ತು. ಬಟ್ಟೆ ಅಪ್ಪಟ ಹತ್ತಿಯದ್ದಾಗಿರಬೇಕು. ಹಿಂದೊಮ್ಮೆ ನಮ್ಮಲ್ಲಿ ಬಡಿಸುವವರೊಬ್ಬರ ಪಾಲಿಯೆಸ್ಟರ್ ಶಲ್ಯಕ್ಕೆ ಕಿಡಿ ಹಾರಿ, ಬಟ್ಟೆ ಕರಗಿ ಚರ್ಮಕ್ಕೇ ಅಂಟಿಕೊಂಡಿತ್ತು. ಒಲೆಯ ಮುಂದೆ ನಿಲ್ಲುವವನಿಗೆ ಹತ್ತಿಯೇ ಗತಿ.

ಮೊದಲು ದುರ್ಗಿಗುಡಿಯ ಒಂದು ಅಂಗಡಿಗೆ ಹೋದೆ. ಟೀ ಶರ್ಟಿನ ಮೇಲೆ ಹೆಸರು ಹಾಕುವುದೆಂದರೆ ಒಂದೇ ವಿದ್ಯೆ ಎಂದು ನಾನು ತಿಳಿದಿದ್ದೆ. ಅಂಗಡಿಯಾತ ಒಂದೊಂದೇ ತೆಗೆದು ತೋರಿಸಿದಾಗ ಸೀರೆ ಅಂಗಡಿಗೆ ಬಂದ ಹಾಗಾಯಿತು. ಒಂದರಲ್ಲಿ ಬಣ್ಣ ಆವಿಯಾಗಿ ಬಟ್ಟೆಯೊಳಗೇ ಹೋಗಿ ಕೂರುತ್ತದಂತೆ, ಎಷ್ಟು ಒಗೆದರೂ ಹೋಗುವುದಿಲ್ಲವಂತೆ. ನನಗೆ ಅದೇ ಹಿಡಿಸಿತು. ಆದರೆ ಅದು ಪಾಲಿಯೆಸ್ಟರಿಗೆ ಮಾತ್ರ, ಹತ್ತಿಗೆ ಹಿಡಿಯುವುದಿಲ್ಲ. ಇನ್ನೊಂದು ಸ್ಟಿಕರ್ ಪ್ರಿಂಟ್. ಕಂಪ್ಯೂಟರಿನಲ್ಲಿ ಅಚ್ಚು ಹಾಕಿದ ತೆಳುವಾದ ಹಾಳೆಯನ್ನು ಬಿಸಿ ಮಷಿನಿನಲ್ಲಿ ಒತ್ತಿ ಬಟ್ಟೆಗೆ ಅಂಟಿಸುವುದು. ಫೋಟೋದ ಹಾಗೆ ಫಳಫಳ ಹೊಳೆಯುತ್ತಿತ್ತು. ಮೂರನೆಯದು ಮಷಿನಿನಲ್ಲಿ ಹಾಕುವ ಕಸೂತಿ. ಕೊನೆಯದು ಹಳೆಯ ಸ್ಕ್ರೀನ್ ಪ್ರಿಂಟ್. ಅಕ್ಷರದ ಅಚ್ಚಿರುವ ಜಾಲರಿಯನ್ನು ಬಟ್ಟೆಯ ಮೇಲಿಟ್ಟು, ಬಣ್ಣ ಸುರಿದು ಎಳೆಯುವುದು.

"ಮೇಡಂ, ಸ್ಟಿಕರ್ ತಗೊಳ್ಳಿ. ಈಗ ಎಲ್ಲರೂ ಅದನ್ನೇ ತಗೊಳ್ಳೋದು. ಬೆಳಿಗ್ಗೆ ಕೊಟ್ರೆ ಸಂಜೆಗೆ ರೆಡಿ" ಎಂದ.

ಎಲ್ಲರೂ ತಗೊಳ್ಳುತ್ತಾರೆ ಎಂದರೆ ನನಗೆ ಒಂದು ಹೆಜ್ಜೆ ಹಿಂದೆ ಹೋಗುವ ಚಾಳಿ. ಅನ್ನ ಬೆಂದಿದೆಯೋ ಇಲ್ಲವೋ ಅಂತ ಅಂಗಡಿಯವನನ್ನು ಕೇಳುತ್ತೇವೆಯೇ, ಒಂದು ಅಗುಳು ಹಿಚುಕಿ ನೋಡುತ್ತೇವೆ. ಸ್ಟಿಕರ್ ಒಂದು, ಕಸೂತಿ ಒಂದು ಮಾದರಿ ಮಾಡಿಸಿಕೊಂಡು ಮನೆಗೆ ತಂದೆ.

ಸ್ಟಿಕರಿನದ್ದನ್ನು ಗಣಪಣ್ಣ ಹಾಕಿಕೊಂಡು ಹೋಳಿಗೆ ಒಲೆಯ ಮುಂದೆ ಕೂತರು. ಸ್ವಲ್ಪ ಹೊತ್ತಿನಲ್ಲೇ ಎದೆ ಉಜ್ಜಿಕೊಳ್ಳತೊಡಗಿದರು. ಅಂಟಿಸಿದ ಜಾಗದಲ್ಲಿ ಗಾಳಿ ಆಡುವುದಿಲ್ಲ, ಅದು ಒಲೆಯ ಬಿಸಿಯನ್ನೆಲ್ಲ ಹೀರಿಕೊಂಡು ಕೂರುತ್ತದೆ. "ಎದೆಗೆ ಬಿಸಿ ಪಟ್ಟು ಹಾಕಿದ ಹಾಗಿದೆ ತಂಗಿ. ನೆಗಡಿ ಬಂದಾಗ ಹಾಕ್ಕೋತೀನಿ, ಈಗ ಬೇಡ" ಎಂದು ತೆಗೆದಿಟ್ಟರು. ಅದನ್ನೇ ಒಗೆದು ಇಸ್ತ್ರಿ ಮಾಡುವಾಗ ಹೆಸರಿನ ಅರ್ಧ ಭಾಗ ಇಸ್ತ್ರಿ ಪೆಟ್ಟಿಗೆಗೇ ಬಂತು.

ಕಸೂತಿಯದ್ದು ನೋಡಲು ಚೆಂದ. ಅದನ್ನು ಬೇಡ ಎಂದವರು ನಮ್ಮ ಅತ್ತೆ. ಎಪ್ಪತ್ತೈದು ದಾಟಿದರೂ ಒಲೆಮನೆಯ ಮಡಿ ಇವತ್ತಿಗೂ ಅವರ ಕೈಯಲ್ಲೇ. ದಿನಾ ಒಗೆದು, ಒಣಗಿದ್ದನ್ನೇ ಹಾಕಿಕೊಂಡು ಅಡುಗೆಗೆ ನಿಲ್ಲಬೇಕು ಎನ್ನುವುದು ಅವರ ಕಟ್ಟಳೆ. ಕಸೂತಿ ಹಾಕಿದ ಜಾಗ ದಪ್ಪ, ಹಿಂದೆ ಬೇರೆ ಗಟ್ಟಿ ಬಟ್ಟೆ. ಅಂಗಿಯೆಲ್ಲ ಒಣಗಿದರೂ ಅದೊಂದು ಹಸಿಯಾಗೇ ಇತ್ತು. "ಒದ್ದೆ ಎದೆ ಇಟ್ಕೊಂಡು ಯಾರು ನಿಲ್ತಾರೆ?" ಎಂದು ಅತ್ತೆ ಅದನ್ನು ಪಕ್ಕಕ್ಕೆ ಸರಿಸಿದರು.

ಉಳಿದದ್ದು ಸ್ಕ್ರೀನ್ ಪ್ರಿಂಟ್. ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನ ಹತ್ತಿರ ಸೆಲ್ವಿ ಎನ್ನುವವಳೊಬ್ಬಳು ಅದನ್ನು ಮಾಡುತ್ತಾಳೆಂದು ಕೇಳಿ ಅಲ್ಲಿಗೆ ಹೋದೆ. ನನ್ನಷ್ಟೇ ವಯಸ್ಸು, ಮಾತು ನನಗಿಂತ ಹೆಚ್ಚು. ಅಪ್ಪನ ಕಾಲದಿಂದ ಬಾವುಟ, ಬ್ಯಾನರು, ಆಟದ ತಂಡಗಳ ಬನಿಯನ್ನುಗಳಿಗೆ ಅಚ್ಚು ಹಾಕುವ ಮನೆ. ಅವಳಲ್ಲಿ ನೀರಿನಲ್ಲಿ ಕಲಸುವ ಬಣ್ಣವಿತ್ತು. ಅದು ಬಟ್ಟೆಯ ಮೇಲೆ ಕೂರುವುದಿಲ್ಲ, ನೂಲಿನೊಳಗೆ ಇಳಿಯುತ್ತದೆ. ಅಚ್ಚು ಬಿದ್ದ ಜಾಗವನ್ನು ಕಣ್ಣು ಮುಚ್ಚಿ ಸವರಿದರೆ ಬಟ್ಟೆಯೇ ಸಿಗುತ್ತಿತ್ತು. ಗಾಳಿ ಆಡುತ್ತದೆ, ಬೇಗ ಒಣಗುತ್ತದೆ. ಒಂದೇ ತೊಡಕು, ಆ ಬಣ್ಣ ಕಡು ಬಣ್ಣದ ಬಟ್ಟೆಯ ಮೇಲೆ ಕಾಣುವುದಿಲ್ಲ. ಬಿಳಿ ತೆಗೆದುಕೊಂಡರೆ ಮೊದಲ ದಿನವೇ ಹುಳಿಯ ಕಲೆ.

"ಹಾಗಾದ್ರೆ ಅರಿಶಿನದ ಬಣ್ಣ ತಗೊಳ್ಳೋಣ. ಅರಿಶಿನದ ಮೇಲೆ ಅರಿಶಿನ ಬಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದೆ.

ಸೆಲ್ವಿ ಜೋರಾಗಿ ನಕ್ಕಳು. "ಅಕ್ಕಾ, ನೀವು ಈ ಲೈನಿಗೆ ಬಂದ್ಬಿಡಿ."

ಹಳದಿ ಟೀ ಶರ್ಟು, ಕುಂಕುಮದಂಥ ಕಡುಗೆಂಪು ಅಕ್ಷರ, "ನರಹರಿ ಭಟ್ಟರ ಅಡುಗೆ". ಉದ್ಘಾಟನೆ ಭಾನುವಾರ. ಬುಧವಾರ ಸಂಜೆ ಅಂಗಿಗಳು ಕೈಗೆ ಬಂದವು. ಕೊಡುವಾಗ ಸೆಲ್ವಿ ಒಂದು ಮಾತು ಹೇಳಿದಳು. ಬಣ್ಣಕ್ಕೆ ಕಾವು ಕೊಟ್ಟು ಗಟ್ಟಿ ಮಾಡುವ ಅವಳ ಮಷಿನಿನ ಕಾಯಿಲ್ ಸುಟ್ಟು ಹೋಗಿತ್ತು, ಹೊಸದು ಬೆಂಗಳೂರಿನಿಂದ ಬರಬೇಕಿತ್ತು. "ಎರಡು ದಿನ ನೆರಳಲ್ಲಿ ಒಣಗಿಸಿ ಅಕ್ಕಾ. ಆಮೇಲೆ ಚೆನ್ನಾಗಿ ಇಸ್ತ್ರಿ ಹಾಕಿ. ಅಲ್ಲೀವರೆಗೂ ನೀರು ತೋರಿಸ್ಬೇಡಿ."

ನಾನು ಮನೆಗೆ ಬಂದು ಎಲ್ಲರೆದುರಿಗೂ ಅದನ್ನೇ ಹೇಳಿದೆ. ಯಾರೂ ಒಗೆಯಬೇಡಿ ಎಂದೆ. ಅತ್ತೆಯೂ ಕೇಳಿಸಿಕೊಂಡು ತಲೆ ಆಡಿಸಿದರು.

ಗುರುವಾರ ಬೆಳಿಗ್ಗೆ ಹಿತ್ತಲಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ತಂತಿಯ ಮೇಲೆ ಸಾಲಾಗಿ ಹಳದಿ ಅಂಗಿಗಳು, ಒಂದೊಂದರ ಎದೆಯಿಂದಲೂ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಬಕೆಟ್ಟಿನ ತುಂಬ ಕೆಂಪು ನೀರು. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಕೊನೆಯ ಅಂಗಿ.

"ತೊಳೀಬೇಡಿ ಅಂದಿದ್ನಲ್ಲ ಅತ್ತೆ."

"ತೊಳೆದಿಲ್ಲ ಕಣೇ. ಮಡಿ ನೀರಲ್ಲಿ ಅದ್ದಿ ತೆಗೆದೆ ಅಷ್ಟೆ. ಅಂಗಡಿಯಿಂದ ಬಂದ ಬಟ್ಟೆ ಹಾಗೇ ಒಲೆ ಹತ್ರ ಹೋಗೋಕಾಗುತ್ತಾ?"

ಇದನ್ನು ಬೇರೆ ಯಾರಿಗಾದರೂ ವಿವರಿಸುವುದು ಕಷ್ಟ. ನಮ್ಮಂಥ ಮನೆಗಳಲ್ಲಿ ತೊಳೆಯುವುದೇ ಬೇರೆ, ಅದ್ದುವುದೇ ಬೇರೆ. ತೊಳೆಯುವುದು ಕೊಳೆ ಹೋಗಲು. ಅದ್ದುವುದು ಎಲ್ಲೆಲ್ಲಿ ಯಾರ್ಯಾರು ಮುಟ್ಟಿದ್ದೋ ಎಂಬ ಮೈಲಿಗೆ ಹೋಗಲು. ಅತ್ತೆಯ ಲೆಕ್ಕದಲ್ಲಿ ಅವರು ನನ್ನ ಮಾತು ಮೀರಿಯೇ ಇರಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಮಾತ್ರ ಬೈಯಲು ಮನಸ್ಸು ಬರಲಿಲ್ಲ. ಏಕೆಂದರೆ ಅತ್ತೆ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಬಕೆಟ್ಟಿನೊಳಗೆ ಕರಗಿ ಹೋದ ಬಣ್ಣವನ್ನೇ ನೋಡುತ್ತಿದ್ದರು. "ಅವರ ಹೆಸರು ಕಣೇ ಅದು" ಎಂದರು ಮೆಲ್ಲಗೆ. ನಾನು ಅವರ ಕೈಯಿಂದ ಆ ಅಂಗಿಯನ್ನು ತೆಗೆದುಕೊಂಡೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಮಾತನ್ನು ಅಡುಗೆಯವರ ಮನೆಯಲ್ಲಿ ಅಷ್ಟು ಸರಿಯಾಗಿ ಯಾರೂ ಅನುಭವಿಸಿರಲಾರರು. ಹೊಸ ಅಂಗಿಗಳನ್ನು ತರಿಸೋಣವೆಂದರೆ ಅವು ತಿರುಪ್ಪೂರಿನಿಂದ ಬರಬೇಕು, ಭಾನುವಾರದೊಳಗೆ ಆಗದ ಮಾತು. ಅತ್ತೆ ಅಂಟುವಾಳದ ನೊರೆ ಮಾಡಿಕೊಂಡು ಕೂತು ಒಂದೊಂದೇ ಅಂಗಿಯನ್ನು ಉಜ್ಜಿದರು. ನಾನೂ ಕೂತೆ. ಬಣ್ಣ ಗಟ್ಟಿಯಾಗಿರದಿದ್ದರಿಂದ ಬಹುಪಾಲು ಹೋಯಿತು. ಆದರೆ ಎದೆಯ ಮೇಲೆ ನಸುಗೆಂಪು ಕಲೆಯೊಂದು ಉಳಿದೇ ಉಳಿಯಿತು. ಅದಾದ ಮೇಲೆ ಉಜ್ಜಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಯಜಮಾನರು ಮಧ್ಯಾಹ್ನ ಬಂದು ನೋಡಿದರು. ಬೈಯಲಿಲ್ಲ. "ಸ್ಟಿಕರ್ ಅಂಟಿಸ್ಬಿಡೋಣ ಸುಮಾ. ಕಲೆ ಮುಚ್ಚುತ್ತೆ. ಒಂದು ದಿನಕ್ಕೆ ತಾನೆ" ಎಂದರು.

"ಒಂದು ದಿನಕ್ಕಲ್ಲ ರೀ. ಆ ದಿನ ಗೆದ್ರೆ ದಿನಾ ಹಾಕ್ಕೋಬೇಕು. ಗಣಪಣ್ಣ ಬಿಸಿ ಪಟ್ಟು ಕಟ್ಕೊಂಡು ದಿನಾ ಹೋಳಿಗೆ ಬೇಯಿಸ್ತಾರಾ?"

ನಾನು ಅಂಗಿಯನ್ನು ಮಡಿಲಲ್ಲಿ ಹಾಕಿಕೊಂಡು ಆ ಕಲೆಯನ್ನೇ ನೋಡುತ್ತಿದ್ದೆ. ಒಳ್ಳೆಯ ಸೀರೆಗೆ ಕಲೆಯಾದರೆ ನಾವು ಹೆಂಗಸರು ಏನು ಮಾಡುತ್ತೇವೆ? ಕಲೆ ತೆಗೆಯಲು ಹೋಗುವುದಿಲ್ಲ, ಅದರ ಮೇಲೊಂದು ಹೂವು ಹೊಲಿಯುತ್ತೇವೆ. ಇಲ್ಲೂ ಹಾಗೇ ಮಾಡಿದರೆ? ಅಕ್ಷರಕ್ಕೆ ಬಣ್ಣ ಹಾಕುವ ಬದಲು ಕಲೆಯನ್ನೆಲ್ಲ ಮುಚ್ಚುವ ಹಾಗೆ ಒಂದು ದೊಡ್ಡ ಕೆಂಪು ವೃತ್ತ ಹಾಕಿ, ಅಕ್ಷರಗಳನ್ನು ಮಾತ್ರ ಖಾಲಿ ಬಿಡುವುದು. ಅಕ್ಷರದೊಳಗಿಂದ ಹಳದಿ ಬಟ್ಟೆಯೇ ಕಾಣುತ್ತದೆ. ಅಲ್ಲಲ್ಲಿ ನಸುಗೆಂಪು ಸೇರಿದ್ದರೂ ಕೆಂಪಿನ ಮಧ್ಯೆ ಅದು ಎದ್ದು ಕಾಣುವುದಿಲ್ಲ.

ಅದೇ ಮಧ್ಯಾಹ್ನ ಅಂಗಿಗಳ ಗಂಟು ಹೊತ್ತು ಭದ್ರಾವತಿ ಬಸ್ಸು ಹತ್ತಿದೆ. ಸೆಲ್ವಿ ಗಂಟು ಬಿಚ್ಚಿ ನೋಡಿ, "ಅಯ್ಯಯ್ಯೋ ಅಕ್ಕಾ, ಏನಕ್ಕಾ ಇದು" ಎಂದು ತಲೆಗೆ ಕೈ ಇಟ್ಟುಕೊಂಡಳು. ನನ್ನ ಉಪಾಯ ಹೇಳಿದಾಗ ಒಂದು ಅಂಗಿ ಎತ್ತಿ ಕಲೆಯ ಅಗಲವನ್ನು ಗೇಣಿನಲ್ಲಿ ಅಳೆದಳು.

"ಆಗುತ್ತೆ. ಬೇರೆ ಫ್ರೇಮ್ ಮಾಡ್ಬೇಕು, ನಾಳೆ ಸಂಜೆ ಕೊಡ್ತೀನಿ. ಆದ್ರೆ ಒಂದು ಅಕ್ಕಾ. ಕಾಯಿಲ್ ಇನ್ನೂ ಬಂದಿಲ್ಲ. ಇಷ್ಟು ಬಣ್ಣಕ್ಕೆ ಕಾವು ಜಾಸ್ತಿ ಬೇಕು, ಎಲ್ಲಾ ಕಡೆ ಒಂದೇ ಥರ ಬೇಕು. ಸರಿಯಾಗಿ ಕೊಡ್ಲಿಲ್ಲ ಅಂದ್ರೆ ಮತ್ತೆ ಕೈ ಕೊಡುತ್ತೆ."

ದುರ್ಗಿಗುಡಿಯ ಅಂಗಡಿಯಾತನಿಗೆ ಅಲ್ಲಿಂದಲೇ ಫೋನು ಮಾಡಿ, ನಿನ್ನ ಬಿಸಿ ಮಷಿನಿನಲ್ಲಿ ಒತ್ತಿ ಕೊಡುತ್ತೀಯಾ ಎಂದು ಕೇಳಿದೆ. ಬೇರೆಯವರ ಬಣ್ಣ ನನ್ನ ಮಷಿನಿಗೆ ಹತ್ತಿದರೆ ನನ್ನ ಗತಿಯೇನು ಎಂದ. ಅವನ ಮಾತೂ ನ್ಯಾಯವೇ.

ಶುಕ್ರವಾರ ಸಂಜೆ ಬಂದ ಅಂಗಿಗಳನ್ನು ನೋಡಿ ನನಗೇ ಹೆಮ್ಮೆಯಾಯಿತು. ಮೊದಲಿನದ್ದಕ್ಕಿಂತ ಇದೇ ಚೆಂದವಿತ್ತು. ಹಳದಿ ಎದೆಯ ಮೇಲೆ ಕುಂಕುಮದ ಬೊಟ್ಟಿನ ಹಾಗೆ ದುಂಡಗಿನ ಕೆಂಪು, ಅದರೊಳಗೆ ಹಳದಿಯಾಗಿ ಮಾವನ ಹೆಸರು.

ಈ ಸಲ ಎರಡು ದಿನ ಒಣಗಿಸಲು ಪುರಸೊತ್ತೆಲ್ಲಿ? ಶನಿವಾರ ಬೆಳಿಗ್ಗೆ ತಿಂಡಿ ಮುಗಿದ ಕೂಡಲೇ ಒಂದು ಅಂಗಿಗೆ ಇಸ್ತ್ರಿ ಹಾಕಿದೆ. ಕೈ ಸೋಲುವಷ್ಟು ಹಾಕಿದೆ. ತಣಿದ ಮೇಲೆ ಮೂಲೆಯೊಂದನ್ನು ನೀರಿಗೆ ಹಿಡಿದರೆ ಮಧ್ಯದ ಬಣ್ಣ ನಿಂತಿತ್ತು, ಅಂಚಿನದು ಬಿಡುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಚಿಕ್ಕದು, ವೃತ್ತ ದೊಡ್ಡದು. ಒಂದು ಕಡೆ ಕಾಯುವಷ್ಟರಲ್ಲಿ ಇನ್ನೊಂದು ಕಡೆ ಆರುತ್ತದೆ. ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ಸ್ಟಿಕರ್ ಅಂಗಡಿ ತೆರೆದಿರುತ್ತದೆ ಎಂದಷ್ಟೇ ಹೇಳಿ ಹೋದರು. ನನಗೆ ಅಳು ಬರುವುದೊಂದೇ ಬಾಕಿ.

ಒಲೆಮನೆಯಲ್ಲಿ ಗಣಪಣ್ಣ ಮರುದಿನಕ್ಕೆಂದು ಹೋಳಿಗೆ ಕಾವಲಿ ಉಜ್ಜಿ ಇಡುತ್ತಿದ್ದರು. ಮದುವೆ ಮನೆಗಳ ಕಾವಲಿ ಅದು, ಒಂದು ಚಿಕ್ಕ ಊಟದ ಮೇಜಿನಷ್ಟು ಅಗಲ, ಬೆರಳು ದಪ್ಪದ ಕಬ್ಬಿಣ. ಅದರ ಮೇಲೆ ಯಾವ ಮೂಲೆಗೆ ಹಾಕಿದರೂ ಹೋಳಿಗೆ ಒಂದೇ ಬಣ್ಣಕ್ಕೆ ಬೇಯುತ್ತದೆ. ನಾನು ಕೈಯಲ್ಲಿದ್ದ ಅಂಗಿಯನ್ನು ನೋಡಿದೆ, ಕಾವಲಿಯನ್ನು ನೋಡಿದೆ.

"ಗಣಪಣ್ಣ, ಇದನ್ನ ಕಾವಲಿ ಮೇಲೆ ಹಾಕಿದ್ರೆ ಹೆಂಗೆ?"

"ಹೋಳಿಗೆ ಬೇಯಿಸಿದ್ದೀನಿ, ರೊಟ್ಟಿ ಬೇಯಿಸಿದ್ದೀನಿ. ಟೀ ಶರ್ಟು ಬೇಯಿಸಿಲ್ಲ ಮಾರಾಯ್ತಿ" ಎಂದವರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಆಮೇಲೆ ಇಬ್ಬರೂ ಒಟ್ಟಿಗೆ ಮೂಲೆಯಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿದೆವು.

ಆ ಕಾವಲಿಯ ಮೇಲೆ ನೈವೇದ್ಯದ ಹೋಳಿಗೆ ಬೇಯುತ್ತದೆ. ಎಂಜಲು ಕೈ ತಾಗಿದರೆ ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿಸುತ್ತಾರೆ. ಅದರ ಮೇಲೆ ಬಣ್ಣ ಬಳಿದ ಬಟ್ಟೆ. ಕೇಳಿದ್ದೇ ತಪ್ಪಾಯಿತೇನೋ ಎಂದುಕೊಂಡೆ. ಅತ್ತೆ ಎದ್ದು ಬಂದರು. ಅಂಗಿಯನ್ನು ಕೈಗೆ ತೆಗೆದುಕೊಂಡು ಆ ಹೆಸರಿನ ಮೇಲೆ ಬೆರಳಾಡಿಸಿದರು.

"ಬೆಂಕಿಗೆ ಎಲ್ಲಿಯ ಮೈಲಿಗೆ? ಒಲೆ ಹಚ್ಚು ಗಣಪತಿ" ಎಂದರು.

ಅಲ್ಲಿಂದ ನಮ್ಮ ಒಲೆಮನೆ ಕಾರ್ಖಾನೆಯಾಯಿತು. ಸಣ್ಣ ಉರಿ. ಕಾವಲಿಯ ಮೇಲೆ ಒಗೆದ ಹಳೆಯ ಪಂಚೆಯ ಮಡಿಕೆ, ಅದರ ಮೇಲೆ ಅಂಗಿ, ಅಂಗಿಯ ಮೇಲೆ ಮತ್ತೊಂದು ಪಂಚೆ, ಎಲ್ಲದರ ಮೇಲೆ ಚಪ್ಪಟೆ ತಳದ ದೊಡ್ಡ ಪಾತ್ರೆಯ ಭಾರ. ಮೊದಲನೆಯದು ಕಾವು ಹೆಚ್ಚಾಗಿ ಅಂಚಿನಲ್ಲಿ ಹೋಳಿಗೆಯ ಹಾಗೇ ಕಂದು ಚುಕ್ಕೆ ಬಂತು. "ಮೊದಲನೇ ದೋಸೆ ಎಂದಿದ್ರೂ ಕಾವಲಿಗೇ. ಇದು ನನಗಿರ್ಲಿ" ಎಂದರು ಗಣಪಣ್ಣ. ಉರಿ ಇನ್ನಷ್ಟು ತಗ್ಗಿಸಿದೆವು. ನಡುನಡುವೆ ಅವರು ಕಾವಲಿಯ ಅಂಚಿಗೆ ನೀರು ಚಿಮುಕಿಸಿ ನೋಡುತ್ತಿದ್ದರು. ನಾನು ಬಟ್ಟೆಯ ಮೇಲೆ ಅಂಗೈಯಿಟ್ಟು ನೋಡುತ್ತಿದ್ದೆ. ಯಜಮಾನರು ಸ್ಟಿಕರ್ ಅಂಗಡಿಗೆ ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬಂದು, ಅಂಗಿ ತಿರುವಿ ಹಾಕಲು ನಿಂತರು.

ಕೊನೆಯ ಅಂಗಿ ಇಳಿದು ತಣಿದ ಮೇಲೆ ಅತ್ತೆ ಬಾವಿಯ ನೀರು ತುಂಬಿದ ಬಕೆಟ್ಟು ತಂದು ನಡುಮನೆಯಲ್ಲೇ ಇಟ್ಟರು. ಮಡಿಯಾಗದೆ ಹೋಗುವ ಹಾಗಿಲ್ಲವಲ್ಲ. ನಾನು ಬೇಡ ಎನ್ನಲಿಲ್ಲ. ಅದ್ದಿದರೆ ಬಿಡುವ ಬಣ್ಣ ಭಾನುವಾರವೂ ಬಿಡುತ್ತದೆ, ಈಗಲೇ ಗೊತ್ತಾಗಲಿ ಎನ್ನಿಸಿತು. ಅತ್ತೆ ಒಂದು ಅಂಗಿಯನ್ನು ಪೂರ್ತಿ ಮುಳುಗಿಸಿ ಹಿಡಿದರು. ಮೇಲೆತ್ತಿದರು. ನೀರು ಬಾವಿಯಲ್ಲಿದ್ದ ಹಾಗೇ ತಿಳಿಯಾಗಿತ್ತು. ಇನ್ನೊಂದು ಅದ್ದಿದರು, ಮತ್ತೊಂದು ಅದ್ದಿದರು. ಎಲ್ಲವೂ ಆದ ಮೇಲೂ ಬಕೆಟ್ಟಿನ ತಳ ಕಾಣುತ್ತಿತ್ತು. ಗಣಪಣ್ಣ ಒಲೆಯ ಮುಂದೆ ಕಾಲು ಚಾಚಿ ಕೂತು, "ಇನ್ನೊಂದು ಲೋಟ ಕಾಫಿ ಕೊಡು ತಂಗಿ" ಎಂದರು. ನಾನು ಎಲ್ಲರಿಗೂ ಕಾಫಿ ಮಾಡಿದೆ, ಸಕ್ಕರೆ ಜಾಸ್ತಿ ಹಾಕಿ.

ಭಾನುವಾರ ಭದ್ರಾವತಿಯ ಭವನದಲ್ಲಿ ಜನ ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಬಂದಿದ್ದರು. ಬಿಳಿ ಪಂಚೆ, ಹಳದಿ ಟೀ ಶರ್ಟು ಹಾಕಿಕೊಂಡ ನಮ್ಮವರು ಸಾಲಾಗಿ ಎಲೆಗಳ ಮಧ್ಯೆ ಇಳಿದಾಗ ಜನ ತಿರುಗಿ ನೋಡಿದರು. ಪಂಚೆ ಮತ್ತು ಟೀ ಶರ್ಟಿನ ಜೋಡಿಗೆ ಒಂದಿಬ್ಬರು ನಕ್ಕದ್ದೂ ಹೌದು. ಆದರೆ ಅದು ಹಿಡಿಸಿದ ನಗು. ಹುಡುಗಿಯರು ಫೋನು ತೆಗೆದು ಅವರದ್ದೇ ವಿಡಿಯೋ ಮಾಡಿಕೊಂಡರು. ಗಣಪಣ್ಣ ಕಂದು ಚುಕ್ಕೆಯ ಅಂಗಿಯಲ್ಲಿ ಹೋಳಿಗೆ ಬೇಯಿಸುತ್ತ ಕೂತಿದ್ದರು. ಒಮ್ಮೆಯೂ ಎದೆ ಉಜ್ಜಿಕೊಳ್ಳಲಿಲ್ಲ.

ಎರಡನೇ ಪಂಕ್ತಿಯಲ್ಲಿ ಆಗಬಾರದ್ದು ಆಯಿತು. ಯಜಮಾನರೇ ಸಾರು ಬಡಿಸುತ್ತಿದ್ದರು. ಸಾಲಿನಲ್ಲಿದ್ದವರೊಬ್ಬರು ಸಾಕು ಎಂದು ರಭಸದಿಂದ ಕೈ ಎತ್ತಿದರು, ಸೌಟು ಮಗುಚಿ ಸಾರು ಇವರ ಎದೆಯ ಮೇಲೆ ಹರಿಯಿತು. ಅಲ್ಲೇ ಪಕ್ಕದಲ್ಲಿ ನಿಂತಿದ್ದವರು ರುದ್ರಪ್ಪನವರು. ನಾನು ಓಡಿ ಹೋದೆ. ಇವರು ಅಂಗಿಯನ್ನು ಮೈಯಿಂದ ಎತ್ತಿ ಹಿಡಿದುಕೊಂಡು ಕೈ ತೊಳೆಯುವ ನಲ್ಲಿಯ ಕಡೆ ಹೋದರು. ನಲ್ಲಿಯನ್ನು ಜೋರಾಗಿ ಬಿಟ್ಟು ಎದೆಯನ್ನೇ ಅದಕ್ಕೆ ಕೊಟ್ಟು ಉಜ್ಜಿದರು. ರುದ್ರಪ್ಪನವರೂ ಹಿಂದೆಯೇ ಬಂದಿದ್ದರು.

"ಸುಟ್ಟಿತಾ ಭಟ್ರೇ?"

"ಇಲ್ಲ ಸ್ವಾಮಿ. ಹತ್ತಿ ಅಲ್ವಾ, ದೂರ ಎಳ್ಕೊಂಡೆ."

ರುದ್ರಪ್ಪನವರು ಒದ್ದೆ ಎದೆಯ ಮೇಲಿನ ಅಚ್ಚನ್ನು ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಸಾರಿನ ಹಳದಿ ಹಳದಿಯಲ್ಲಿ ಸೇರಿ ಹೋಗಿತ್ತು. ಹೆಸರು ಈಗಷ್ಟೇ ಬರೆದ ಹಾಗೆ ಕೂತಿತ್ತು. "ಬಣ್ಣ ಬಿಡ್ಲೇ ಇಲ್ವಲ್ರೀ" ಎಂದರು.

"ಬೇಯಿಸಿದ ಬಣ್ಣ ಸ್ವಾಮಿ" ಎಂದು ಹೇಳಿ ಇವರು ಅದೇ ಅಂಗಿಯಲ್ಲಿ ಮತ್ತೆ ಸಾರಿನ ಬಕೆಟ್ಟು ಎತ್ತಿಕೊಂಡು ಪಂಕ್ತಿಗೆ ಹೋದರು. ಏನೆಂದು ಅರ್ಥವಾಗದೆ ರುದ್ರಪ್ಪನವರು ನನ್ನ ಮುಖ ನೋಡಿದರು. ನಾನು ಕಾವಲಿಯ ಕತೆ ಹೇಳಿದೆ, ಅತ್ತೆ ಅದ್ದಿದ್ದನ್ನೂ ಸೇರಿಸಿ. ಅಷ್ಟು ತೂಕದ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಯ ಪಂಕ್ತಿ ಎದ್ದ ಮೇಲೆ ಅವರು ಸಮಿತಿಯವರನ್ನೆಲ್ಲ ಕರೆದುಕೊಂಡು ಅಡುಗೆಮನೆಗೇ ಬಂದರು. "ಮುಂದಿನ ವಾರದವರಿಗೆ ಮಾತು ಕೊ​ಟ್ಟಿದ್ದೀವಿ, ಆ ಊಟ ಅವರೇ ಮಾಡ್ಲಿ. ಆದ್ರೆ ನೋಡೋದಕ್ಕೆ ಇನ್ನೇನೂ ಉಳಿದಿಲ್ಲ ಅಂತ ನಮ್ಮೆಲ್ಲರ ಅಭಿಪ್ರಾಯ. ಭವನದ ಅಡುಗೆ ಇನ್ಮೇಲೆ ನಿಮ್ಮದೇ ಭಟ್ರೇ" ಎಂದರು. ನಮ್ಮ ಯಜಮಾನರು ಕೈ ಮುಗಿದರು. ಗಣಪಣ್ಣ ಕೊನೆಯ ಹೋಳಿಗೆಯನ್ನು ಮಗುಚಿ ಹಾಕುತ್ತ, "ಹೋಟೆಲಿನವರಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡು ಶ್ರೀಧರ" ಎಂದರು ನಮ್ಮ ಯಜಮಾನರಿಗೆ. ಆ ಗುಟ್ಟು ಅವರಿಗೂ ಗೊತ್ತಿತ್ತು ಎಂದು ನಮಗೆ ತಿಳಿದದ್ದು ಆಗಲೇ.

ಸಮಿತಿಯವರ ಜೊತೆ ಬಂದಿದ್ದ ಹಿರಿಯ ಹೆಂಗಸೊಬ್ಬರು, ನಮ್ಮ ಜೊತೆ ಬಂದು ಅಡುಗೆಮನೆಯಲ್ಲೇ ಕೂತಿದ್ದ ಅತ್ತೆಯ ಪಕ್ಕದಲ್ಲಿ ಕೂತು, "ಊಟ ಬಹಳ ಚೆನ್ನಾಗಿತ್ತು ಕಣ್ರೀ. ನನಗೆ ಕಣ್ಣು ಅಷ್ಟಾಗಿ ಕಾಣಲ್ಲ. ಅಂಗಿ ಮೇಲೆ ಯಾರ ಹೆಸರು ಬರೆದಿರೋದು?" ಎಂದು ಕೇಳಿದರು.

ನಾನು ಉತ್ತರ ಕೊಡಲು ಬಾಯಿ ತೆರೆದೆ. ಅತ್ತೆ ಗಂಡನ ಹೆಸರನ್ನು ಬಾಯಲ್ಲಿ ಹೇಳುವವರಲ್ಲ. ಬ್ಯಾಂಕಿನವರು ಕೇಳಿದರೂ, ಆಸ್ಪತ್ರೆಯವರು ಕೇಳಿದರೂ ನನ್ನ ಕಡೆಗೇ ತಿರುಗುತ್ತಿದ್ದರು. ಆದರೆ ಅವತ್ತು ಅವರು ಕೈ ಎತ್ತಿ ನನ್ನನ್ನು ತಡೆದರು. ಮಗನ ಎದೆಯನ್ನು ನೋಡುತ್ತ, ಶಾಲೆಯ ಮಗು ಓದುವ ಹಾಗೆ ಒಂದೊಂದೇ ಪದ ಬಿಡಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದರು.

"ನರಹರಿ. ಭಟ್ಟರ. ಅಡುಗೆ."

ಯಜಮಾನರು ಆಚೆ ತಿರುಗಿ ಕಣ್ಣೊರೆಸಿಕೊಂಡರು. ನಾನು ಅಷ್ಟು ಜನರೆದುರಿಗೆ ಸೆರಗು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟೆ.

ಈಗ ಬೇರೆ ಅಡುಗೆಯವರೂ ಫೋನು ಮಾಡಿ, ಯಾವ ಪ್ರಿಂಟು ಒಳ್ಳೆಯದು ಎಂದು ನನ್ನನ್ನು ಕೇಳುತ್ತಾರೆ. ಅದನ್ನು ಹಾಕಿಕೊಂಡು ಎಲ್ಲಿ ನಿಲ್ಲುತ್ತೀರಿ ಎಂಬುದನ್ನು ಮೊದಲು ಹೇಳಿ ಎನ್ನುತ್ತೇನೆ. ಆ ಭಾನುವಾರ ವಾಪಸು ಬರುವಾಗ ವ್ಯಾನಿನ ತುಂಬ ಖಾಲಿ ಪಾತ್ರೆಗಳ ಸದ್ದು, ಗಣಪಣ್ಣನ ಮಾತು, ಮಧ್ಯೆ ಅತ್ತೆಯ ನಗು. ಯಾರಾದರೂ ನಿನ್ನ ಜೀವನದಲ್ಲಿ ಏನು ಗೆದ್ದೆ ಎಂದು ಕೇಳಿದರೆ ನನಗೆ ನೆನಪಾಗುವುದು ಆ ವ್ಯಾನು. ಅಂದು ನಾವು ಗೆದ್ದೆವು, ಹಾಗೆ ಹೇಳಿಕೊಳ್ಳಲು ನನಗೆ ಒಂದಿಷ್ಟೂ ಸಂಕೋಚವಿಲ್ಲ.